ಎಲ್ಬೋ ಕೊಳ್ಳುವ ಮುನ್ನ: ಪೈಪನ್ನು ಅಳೆಯುವ, ತಿರುವನ್ನು ಆರಿಸುವ ಕ್ರಮ

ನಮ್ಮ ಹಾರ್ಡ್‌ವೇರ್ ಅಂಗಡಿಯ ಗಲ್ಲಾದ ಪಕ್ಕದಲ್ಲಿ ಒಂದು ಬುಟ್ಟಿ ಇದೆ. ಅಳತೆ ತಪ್ಪಿ ಹಿಂದಕ್ಕೆ ಬಂದ ಎಲ್ಬೋಗಳನ್ನು, ಅಂದರೆ ಪೈಪು ತಿರುಗುವಲ್ಲಿ ಹಾಕುವ ಜೋಡಣೆಯ ತುಂಡುಗಳನ್ನು, ಅದರಲ್ಲಿ ಹಾಕಿಡುತ್ತೇನೆ. ತೋಟಕ್ಕೆ ನೀರು ಬಿಡುವ ಬೇಸಿಗೆಯ ದಿನಗಳಲ್ಲಿ ಅದು ವಾರಕ್ಕೊಮ್ಮೆ ತುಂಬುತ್ತದೆ. ಕೇಳಿದ್ದನ್ನೇ ಕೊಟ್ಟಿರುತ್ತೇನೆ. ಒಂದಿಂಚು ಎಂದವರಿಗೆ ಒಂದಿಂಚು, ಎರಡಿಂಚು ಎಂದವರಿಗೆ ಎರಡಿಂಚು. ಆದರೂ ಮನೆಗೆ ಹೋಗಿ ಹಾಕಿದರೆ ಕೂರುವುದಿಲ್ಲ.

ನಾವು ಬಾಯಲ್ಲಿ ಹೇಳುವ ಇಂಚು ಪೈಪಿಗೆ ಇಟ್ಟ ಹೆಸರು ಮಾತ್ರ. ಸ್ಕೇಲಿನ ಒಂದಿಂಚು 25.4 ಮಿ.ಮೀ. ಆದರೆ ಬಿಸಿನೀರಿನ ಸಿಪಿವಿಸಿ ಪ್ಲಾಸ್ಟಿಕ್ಕಿನಲ್ಲಿ ‘ಒಂದಿಂಚು’ ಪೈಪಿನ ಹೊರವ್ಯಾಸ 28.6 ಮಿ.ಮೀ., ಮನೆಯ ತಣ್ಣೀರಿನ ಯುಪಿವಿಸಿಯಲ್ಲಿ 33.4 ಮಿ.ಮೀ., ತೋಟದ ಪೈಪಿನಲ್ಲಿ 32 ಮಿ.ಮೀ. ಮೂರಕ್ಕೂ ಹೆಸರು ಒಂದೇ, ಎಲ್ಬೋ ಮಾತ್ರ ಬೇರೆ ಬೇರೆ.

ಹೋದ ಬೇಸಿಗೆಯಲ್ಲಿ ಅಡಿಕೆ ತೋಟದ ಹಿರಿಯರೊಬ್ಬರು ಮಧ್ಯಾಹ್ನದ ಬಿಸಿಲಿನಲ್ಲಿ ಬಂದು, ಒಡೆದ ಜೋಡಣೆಯನ್ನು ಕೌಂಟರಿನ ಮೇಲಿಟ್ಟರು. “ಎರಡಿಂಚಿನ ಪೈಪಿಗೆ ಎರಡಿಂಚಿನ ಎಲ್ಬೋವನ್ನೇ ಒಯ್ದಿದ್ದೆನಲ್ಲಪ್ಪಾ” ಎಂದರು. ಪೈಪಿನ ಹೊರವ್ಯಾಸ 60.3 ಮಿ.ಮೀ., ಎಲ್ಬೋ 63 ಮಿ.ಮೀ. ಪೈಪಿಗೆ ಮಾಡಿದ್ದು. ನಡುವಿನ ಸಡಿಲಕ್ಕೆ ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿ, ಮೇಲೆ ಪೈಪು ಅಂಟಿಸುವ ಸೊಲ್ಯೂಷನ್ ಅರ್ಧ ಡಬ್ಬಿ ಸುರಿದಿದ್ದರು. ಮೋಟಾರು ಹಾಕಿದ ಕೂಡಲೇ ಎಲ್ಬೋ ಕಳಚಿ ಹಾರಿತ್ತು. ಇಂಥ ತೊಂದರೆ ಮತ್ತೊಬ್ಬರಿಗೆ ಆಗಬಾರದೆಂದು, ಅಂಗಡಿಗೆ ಹೊರಡುವ ಮೊದಲಿನಿಂದ ನೀರು ಬಿಡುವವರೆಗಿನ ಕೆಲಸವನ್ನು ಕ್ರಮವಾಗಿ ಬರೆಯುತ್ತಿದ್ದೇನೆ. ಕ್ರಮ ತಪ್ಪಿಸಬೇಡಿ. ಮೂರನೆಯ ಹಂತದ ತಪ್ಪು ಒಂಬತ್ತನೆಯ ಹಂತದಲ್ಲಿ ಸೋರಿಕೆಯಾಗಿ ಕಾಣಿಸುತ್ತದೆ.

## ಬೇಕಾಗುವ ಸಾಮಾನು

ಸ್ಟೀಲ್ ಸ್ಕೇಲ್, ಟೇಪು, ಒಂದು ಸೆಂಟಿಮೀಟರ್ ಅಗಲಕ್ಕೆ ಕತ್ತರಿಸಿದ ಕಾಗದದ ಪಟ್ಟಿ, ಗುಂಡುಸೂಜಿ, ಮಾರ್ಕರ್ ಪೆನ್ನು, ಒರೆಸುವ ಬಟ್ಟೆ. ವರ್ನಿಯರ್ ಕ್ಯಾಲಿಪರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ. ಜೋಡಿಸುವಾಗ ಹ್ಯಾಕ್ಸಾ ಬ್ಲೇಡ್ ಅಥವಾ ಪೈಪ್ ಕಟರ್, ಉಪ್ಪುಕಾಗದ, ಪೈಪಿನ ಜಾತಿಗೆ ತಕ್ಕ ಸೊಲ್ಯೂಷನ್, ಥ್ರೆಡ್ (ತಿರುಗಿಸಿ ಬಿಗಿಯುವ ಸುರುಳಿ ಗೆರೆ) ಇದ್ದರೆ ಟೆಫ್ಲಾನ್ ಟೇಪು ಬೇಕು.

## 1. ಮೊದಲು ಪೈಪಿನ ಜಾತಿ ತಿಳಿಯಿರಿ

ಅಳತೆಗೆ ಕೈಹಾಕುವ ಮೊದಲು ಪೈಪಿನ ಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಸಾಲಾಗಿ ಅಚ್ಚಾದ ಅಕ್ಷರಗಳನ್ನು ಹುಡುಕಿ. ಐಎಸ್ (ಭಾರತೀಯ ಮಾನಕ) 15778 ಎಂದಿದ್ದರೆ ಅದು ಸಿಪಿವಿಸಿ. ಐಎಸ್ 4985 ಎಂದಿದ್ದರೆ ತೋಟ ಮತ್ತು ಬೋರ್‌ವೆಲ್ ಲೈನುಗಳಲ್ಲಿ ಕಾಣುವ, ಒತ್ತಡ ತಡೆಯುವ ಯುಪಿವಿಸಿ. ಐಎಸ್ 13592 ಎಂದಿದ್ದರೆ ಶೌಚಾಲಯ, ಬಚ್ಚಲು ಮತ್ತು ಮಳೆನೀರಿನ ಎಸ್‌ಡಬ್ಲ್ಯುಆರ್ ಪೈಪು. ಶೆಡ್ಯೂಲ್ 40 ಅಥವಾ 80 ಎಂಬ ಗೋಡೆಯ ದಪ್ಪದ ದರ್ಜೆ ಇದ್ದರೆ ಮನೆಯೊಳಗಿನ ತಣ್ಣೀರಿನ ಯುಪಿವಿಸಿ. ಜಿಐ ಕಬ್ಬಿಣದ ಪೈಪನ್ನು ಗುರುತಿಸಲು ಅಕ್ಷರ ಬೇಕಿಲ್ಲ.

ಬಣ್ಣ ಸಹಾಯ ಮಾಡುತ್ತದೆ, ಆದರೆ ಅದನ್ನೇ ನಂಬಬೇಡಿ. ಸಿಪಿವಿಸಿ ಸಾಮಾನ್ಯವಾಗಿ ಕೆನೆಬಣ್ಣ, ಮನೆಯ ಯುಪಿವಿಸಿ ಬಿಳಿ, ತೋಟದ್ದು ಬೂದು. ಎಸ್‌ಡಬ್ಲ್ಯುಆರ್ ಕೂಡ ಹೆಚ್ಚಾಗಿ ಬೂದು ಬಣ್ಣದಲ್ಲೇ ಬರುತ್ತದೆ. ಅಪಾಯ ಇರುವುದು ಇಲ್ಲಿಯೇ. ತೋಟದ ಪೈಪಿಗೂ ಎಸ್‌ಡಬ್ಲ್ಯುಆರ್‌ಗೂ 63, 75, 90, 110 ಮಿ.ಮೀ. ಎಂಬ ಹೊರವ್ಯಾಸಗಳು ಒಂದೇ. ಹಾಗಾಗಿ ಚರಂಡಿ ಲೈನಿನ ಬೆಂಡು (ತಿರುವಿನ ತುಂಡು) ಮೋಟಾರು ಲೈನಿಗೆ ಚೆನ್ನಾಗಿ ಕೂತುಬಿಡುತ್ತದೆ, ಬೆಲೆಯೂ ಕಡಿಮೆ ಎನ್ನಿಸುತ್ತದೆ. ಅದು ತಾನಾಗಿ ಹರಿದುಹೋಗುವ ನೀರಿಗೆ ಮಾಡಿದ್ದು. ಪಂಪಿನ ಒತ್ತಡಕ್ಕೆ ಎಂದಿಗೂ ಹಾಕಬೇಡಿ.

ಕಪ್ಪು ಎಚ್‌ಡಿಪಿಇ ಮತ್ತು ಹಸಿರು ಪಿಪಿಆರ್ ಪೈಪುಗಳಿಗೆ ಸೊಲ್ಯೂಷನ್ ಹಿಡಿಯುವುದೇ ಇಲ್ಲ. ಅವುಗಳ ಎಲ್ಬೋ ಬಿಗಿಯುವ ಅಥವಾ ಕಾಯಿಸಿ ಕೂಡಿಸುವ ಬಗೆಯದು. ಅವು ಈ ಬರಹದ ಹೊರಗಿನ ವಿಷಯ.

## 2. ಹೊರವ್ಯಾಸ ಅಳೆಯಿರಿ

ಒಳಗಿನ ತೂತನ್ನು ಅಳೆಯುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಒಂದೇ ಜಾತಿಯ, ಒಂದೇ ಹೆಸರಿನ ಪೈಪಿನಲ್ಲಿ ದಪ್ಪ ಹೆಚ್ಚಾದಂತೆ ಗೋಡೆ ಒಳಕ್ಕೆ ಬೆಳೆಯುತ್ತದೆ, ಹೊರಮೈ ಬದಲಾಗುವುದಿಲ್ಲ. ಶೆಡ್ಯೂಲ್ 40 ಮತ್ತು 80ರ ಪೈಪುಗಳು ಒಂದೇ ಅಳತೆಯ ಎಲ್ಬೋದೊಳಗೆ ಹೋಗುತ್ತವೆ, ತೂತು ಮಾತ್ರ ಬೇರೆ. ಎಲ್ಬೋ ಹಿಡಿಯುವುದು ಪೈಪಿನ ಹೊರಮೈಯನ್ನು. ಅಳೆಯಬೇಕಾದದ್ದೂ ಅದನ್ನೇ.

ಸ್ಕೇಲನ್ನು ಪೈಪಿನ ಬಾಯಿಗೆ ಅಡ್ಡ ಇಟ್ಟು ನೋಡಿದರೆ ಒಂದೆರಡು ಮಿಲಿಮೀಟರ್ ತಪ್ಪುವುದು ಸಹಜ. ಅದರ ಬದಲು ಸುತ್ತಳತೆ ತೆಗೆಯಿರಿ. ಕಾಗದದ ಪಟ್ಟಿಯನ್ನು ಪೈಪಿಗೆ ಬಿಗಿಯಾಗಿ ಸುತ್ತಿ, ತುದಿಗಳು ಒಂದರ ಮೇಲೊಂದು ಬರುವಲ್ಲಿ ಗುಂಡುಸೂಜಿಯಿಂದ ಎರಡೂ ಪದರ ತೂರುವಂತೆ ಚುಚ್ಚಿ. ಪಟ್ಟಿಯನ್ನು ಬಿಚ್ಚಿ ಮೇಜಿನ ಮೇಲೆ ಹರಡಿದರೆ ಎರಡು ಸಣ್ಣ ತೂತುಗಳು ಕಾಣುತ್ತವೆ. ಅವುಗಳ ನಡುವಿನ ದೂರವೇ ಸುತ್ತಳತೆ. ಅದನ್ನು 3.14ರಿಂದ ಭಾಗಿಸಿದರೆ ಹೊರವ್ಯಾಸ ಸಿಗುತ್ತದೆ. ವ್ಯಾಸದಲ್ಲಿ ಒಂದು ಮಿಲಿಮೀಟರ್ ವ್ಯತ್ಯಾಸವಿದ್ದರೆ ಸುತ್ತಳತೆಯಲ್ಲಿ ಮೂರು ಮಿಲಿಮೀಟರಿಗೂ ಮೀರಿ ಕಾಣುವುದರಿಂದ, ಬರಿಗಣ್ಣಿಗೆ ತಪ್ಪುವುದು ಕಷ್ಟ. ದಾರದಿಂದಲೂ ಮಾಡಬಹುದು, ಆದರೆ ಹತ್ತಿಯ ದಾರ ಎಳೆದಷ್ಟೂ ಹಿಗ್ಗುತ್ತದೆ. ನಾನು ಕಾಗದವನ್ನೇ ಬಳಸುತ್ತೇನೆ.

ಸಾಮಾನ್ಯ ಅಳತೆಗಳು ಇವು. ಮೊದಲಿನದು ಸುತ್ತಳತೆ, ನಂತರದ್ದು ಹೊರವ್ಯಾಸ, ಎಲ್ಲವೂ ಮಿಲಿಮೀಟರಿನಲ್ಲಿ.

ಸಿಪಿವಿಸಿ
- ಅರ್ಧ ಇಂಚು: 50 — 15.9
- ಮುಕ್ಕಾಲು ಇಂಚು: 70 — 22.2
- ಒಂದಿಂಚು: 90 — 28.6
- ಒಂದೂಕಾಲು ಇಂಚು: 110 — 34.9

ಮನೆಯ ಯುಪಿವಿಸಿ, ಶೆಡ್ಯೂಲ್ 40 ಮತ್ತು 80
- ಅರ್ಧ ಇಂಚು: 67 — 21.3
- ಮುಕ್ಕಾಲು ಇಂಚು: 84 — 26.7
- ಒಂದಿಂಚು: 105 — 33.4
- ಒಂದೂವರೆ ಇಂಚು: 152 — 48.3
- ಎರಡಿಂಚು: 189 — 60.3
- ಮೂರಿಂಚು: 279 — 88.9

ತೋಟದ ಯುಪಿವಿಸಿ, ಐಎಸ್ 4985
- ಒಂದಿಂಚು ಎನ್ನುವುದು: 100 — 32
- ಒಂದೂವರೆ ಎನ್ನುವುದು: 157 — 50
- ಎರಡು ಎನ್ನುವುದು: 198 — 63
- ಎರಡೂವರೆ ಎನ್ನುವುದು: 236 — 75
- ಮೂರು ಎನ್ನುವುದು: 283 — 90
- ನಾಲ್ಕು ಎನ್ನುವುದು: 346 — 110

ಇದರಲ್ಲಿ ಎರಡು ಜೋಡಿಗಳನ್ನು ವಿಶೇಷವಾಗಿ ಗಮನಿಸಿ. ಯುಪಿವಿಸಿ ಅರ್ಧ ಇಂಚು 67, ಸಿಪಿವಿಸಿ ಮುಕ್ಕಾಲು ಇಂಚು 70. ಕೈಯಲ್ಲಿ ಹಿಡಿದರೆ ಎರಡೂ ಒಂದೇ ಎನ್ನಿಸುತ್ತವೆ. ಮುಕ್ಕಾಲು ಇಂಚಿನ ಸಿಪಿವಿಸಿ ಎಲ್ಬೋದೊಳಗೆ ಅರ್ಧ ಇಂಚಿನ ಯುಪಿವಿಸಿ ಪೈಪು ಸಲೀಸಾಗಿ ಹೋಗುತ್ತದೆ, ಆಮೇಲೆ ಅಲ್ಲಾಡುತ್ತದೆ. ಇನ್ನೊಂದು ಜೋಡಿ ಮೂರಿಂಚಿನದು, 279 ಮತ್ತು 283. ಅಲ್ಲಿ ವ್ಯಾಸದ ವ್ಯತ್ಯಾಸ ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಅಷ್ಟೇ. ಸೊಲ್ಯೂಷನ್ ಹಾಕಿದ ಮೊದಲ ದಿನ ಹಿಡಿದಂತೆ ಕಾಣುತ್ತದೆ, ಕೆಲವು ದಿನಗಳಲ್ಲಿ ತೊಟ್ಟಿಕ್ಕಲು ಶುರುವಾಗುತ್ತದೆ.

ಎಲ್ಲಿ ಅಳೆಯಬೇಕೆಂಬುದೂ ಮುಖ್ಯ. ಪೈಪಿನ ಒಂದು ತುದಿಯನ್ನು ಕಾರ್ಖಾನೆಯಲ್ಲೇ ಹಿಗ್ಗಿಸಿ ಕಾಲರ್ ಮಾಡಿರುತ್ತಾರೆ, ಅಲ್ಲಿ ಅಳೆಯಬೇಡಿ. ಬಿಸಿಲಿಗೆ ಬಿದ್ದು ಚಪ್ಪಟೆಯಾದ ತುದಿಯನ್ನೂ ಬಿಟ್ಟು ಒಂದಡಿ ಒಳಗೆ ಬನ್ನಿ. ಹಳೆಯ ಸೊಲ್ಯೂಷನ್ ಅಂಟಿದ್ದರೆ ಕೆರೆದು ತೆಗೆದ ನಂತರ ಅಳೆಯಿರಿ.

## 3. ಥ್ರೆಡ್ ಇದ್ದರೆ ಬೇರೆ ಲೆಕ್ಕ

ನಲ್ಲಿ, ವಾಲ್ವ್, ಗೀಸರ್ ಮತ್ತು ಜಿಐ ಪೈಪಿನ ಬಾಯಿಯಲ್ಲಿ ಥ್ರೆಡ್ ಇರುತ್ತದೆ. ಅರ್ಧ ಇಂಚಿನ ಹೊರಥ್ರೆಡ್ ಅಳೆದರೆ ಸುಮಾರು 21 ಮಿ.ಮೀ., ಮುಕ್ಕಾಲು ಇಂಚಿನದು 26.4, ಒಂದಿಂಚಿನದು 33.2. ಸ್ಕೇಲಿನಲ್ಲಿ 21 ಮಿ.ಮೀ. ಕಂಡು ಮುಕ್ಕಾಲು ಇಂಚೆಂದು ತಿಳಿದು ಕೊಂಡವರು ಬಹಳ ಮಂದಿ. ಸ್ನಾನದ ಮನೆಯ ನಲ್ಲಿಗಳು ಹೆಚ್ಚಾಗಿ ಅರ್ಧ ಇಂಚಿನವು.

ಎರಡು ಜಾತಿಯ ಪೈಪುಗಳು ಸೇರಬೇಕಾದ ಜಾಗಕ್ಕೂ ಥ್ರೆಡ್ಡೇ ದಾರಿ. ಅರ್ಧ, ಮುಕ್ಕಾಲು, ಒಂದು ಎಂಬ ಥ್ರೆಡ್ ಅಳತೆಗಳು ಎಲ್ಲ ಜಾತಿಗೂ ಒಂದೇ. ಆದ್ದರಿಂದ ಒಂದು ಕಡೆ ಹೊರಥ್ರೆಡ್ ಇರುವ ಎಂಟಿಎ, ಇನ್ನೊಂದು ಕಡೆ ಒಳಥ್ರೆಡ್ ಇರುವ ಎಫ್‌ಟಿಎ ಹಾಕಿ ತಿರುಗಿಸಿ ಸೇರಿಸಿ, ನಂತರ ನಿಮಗೆ ಬೇಕಾದ ಜಾತಿಯ ಎಲ್ಬೋ ಇಡಿ. ಆ ಅಡಿಕೆ ತೋಟದ ಲೈನನ್ನು ನಾವು ಸರಿಪಡಿಸಿದ್ದೂ ಹೀಗೆಯೇ.

ಎಚ್ಚರಿಕೆ: ಪ್ಲಾಸ್ಟಿಕ್ ಒಳಥ್ರೆಡ್‌ಗೆ ಕಬ್ಬಿಣದ ಅಥವಾ ಹಿತ್ತಾಳೆಯ ಹೊರಥ್ರೆಡ್ ಬಿಗಿಯಬೇಡಿ. ಲೋಹ ಆಪಿನಂತೆ ಒಳಹೊಕ್ಕು ಪ್ಲಾಸ್ಟಿಕ್ಕನ್ನು ಉದ್ದಕ್ಕೆ ಸೀಳುತ್ತದೆ. ಗೋಡೆಯಲ್ಲಿ ನಲ್ಲಿ ಕೂರುವ ಜಾಗಕ್ಕೆ ಒಳಗೆ ಹಿತ್ತಾಳೆ ಕೂರಿಸಿದ ಬ್ರಾಸ್ ಎಲ್ಬೋವನ್ನೇ ತನ್ನಿ. ಮುಕ್ಕಾಲು ಇಂಚಿನ ಲೈನಿನಿಂದ ಅರ್ಧ ಇಂಚಿನ ನಲ್ಲಿಗೆ ಬರುವವರು ‘ಮುಕ್ಕಾಲು–ಅರ್ಧ ಬ್ರಾಸ್ ಎಲ್ಬೋ’ ಎಂದೇ ಕೇಳಬೇಕು. ಬರೀ ಎಲ್ಬೋ ಎಂದರೆ ಸಾದಾ ಎಲ್ಬೋ ಕೈಗೆ ಬರುತ್ತದೆ. ಗೋಡೆಗೆ ಟೈಲ್ಸ್ ಹಾಕಿದ ಮೇಲೆ ಈ ತಪ್ಪು ತಿಳಿದರೆ ಗೋಡೆಯನ್ನೇ ಒಡೆಯಬೇಕಾಗುತ್ತದೆ.

## 4. ತಿರುವಿನ ಕೋನ ಮತ್ತು ಬಗೆ

ಚೌಕಾಕಾರದ ಕಾಗದದ ಮೂಲೆ 90 ಡಿಗ್ರಿ. ಅದನ್ನು ಮೂಲೆಯಿಂದ ಮೂಲೆಗೆ ಮಡಿಸಿದರೆ 45. ಪೈಪು ತಿರುಗುವ ಜಾಗಕ್ಕೆ ಇದನ್ನು ಹಿಡಿದು ನೋಡಿ. ಎರಡಕ್ಕೂ ಹೊಂದದ ತಿರುವಾದರೆ ಪೈಪಿನ ದಾರಿಯನ್ನೇ ಸ್ವಲ್ಪ ಬದಲಿಸಿ. ಪೈಪನ್ನು ಬೆಂಕಿಗೆ ಹಿಡಿದು ಬಗ್ಗಿಸುವುದನ್ನು ನಾನು ಒಪ್ಪುವುದಿಲ್ಲ. ಬಗ್ಗಿದಲ್ಲಿ ಹೊರಬದಿಯ ಗೋಡೆ ತೆಳ್ಳಗಾಗುತ್ತದೆ, ಮುಂದೆ ಅಲ್ಲೇ ಒಡೆಯುತ್ತದೆ.

ಒಂದು 90 ಡಿಗ್ರಿ ಎಲ್ಬೋ ನೀರಿಗೆ ಒಡ್ಡುವ ತಡೆ, ಒಳವ್ಯಾಸದ ಸುಮಾರು ಮೂವತ್ತು ಪಟ್ಟು ಉದ್ದದ ನೇರ ಪೈಪಿನಷ್ಟು. ಅಂದರೆ 63 ಮಿ.ಮೀ. ಲೈನಿನಲ್ಲಿ ಒಂದೊಂದು ಎಲ್ಬೋ ಹೆಚ್ಚುಕಡಿಮೆ ಒಂದೂಮುಕ್ಕಾಲು ಮೀಟರ್ ಪೈಪಿಗೆ ಸಮ. 45ರ ಎಲ್ಬೋದಲ್ಲಿ ಅದು ಅರ್ಧದಷ್ಟಾಗುತ್ತದೆ. ಎತ್ತರಕ್ಕೆ ನೀರು ಹತ್ತಿಸುವ ಲೈನಿನಲ್ಲಿ ಜಾಗವಿದ್ದ ಕಡೆಯಲ್ಲೆಲ್ಲ ನಿಧಾನವಾಗಿ ಬಾಗುವ ಲಾಂಗ್ ಬೆಂಡ್ ಹಾಕಿ. ಪಂಪು ನೀರು ಎಳೆಯುವ ಬಾಯಿಗೇ ಎಲ್ಬೋ ಅಂಟಿಸಬೇಡಿ, ಕನಿಷ್ಠ ವ್ಯಾಸದ ಐದು ಪಟ್ಟಾದರೂ ನೇರ ತುಂಡು ಬಿಡಿ.

ಚರಂಡಿ ಲೈನಿಗೆ ಎಸ್‌ಡಬ್ಲ್ಯುಆರ್‌ನಲ್ಲಿ 87.5 ಡಿಗ್ರಿ ಎಂದು ಬರೆದ ಬೆಂಡು ಸಿಗುತ್ತದೆ. ಅದು ದೋಷವಲ್ಲ. ನೀರು ನಿಲ್ಲದೆ ಹರಿಯಲು ಬೇಕಾದ ಇಳಿಜಾರನ್ನು ಅದರಲ್ಲೇ ಇಟ್ಟಿದ್ದಾರೆ. ಮೇಲಿನಿಂದ ಇಳಿದ ಶೌಚದ ಪೈಪು ನೆಲದಲ್ಲಿ ತಿರುಗುವಾಗ ಒಂದು 90ರ ಬದಲು ಎರಡು 45 ಹಾಕಿ, ಇಲ್ಲವೇ ತೆರೆದು ಸ್ವಚ್ಛ ಮಾಡಲು ಬರುವ ಡೋರ್ ಬೆಂಡ್ ಇಡಿ. ಕಟ್ಟಿಕೊಳ್ಳುವುದು ಯಾವಾಗಲೂ ಅಲ್ಲಿಯೇ.

## 5. ಬಿಸಿ ಮತ್ತು ಒತ್ತಡ

ಬಿಸಿನೀರಿನ ಲೈನಿಗೆ ಸಿಪಿವಿಸಿ ಎಲ್ಬೋ ಮಾತ್ರ. ಪೈಪು ಸಿಪಿವಿಸಿ, ಎಲ್ಬೋ ಯುಪಿವಿಸಿ ಎಂಬ ಬೆರಕೆ ಬೇಡ. ಮಾಳಿಗೆಯ ಮೇಲೆ ಸೋಲಾರ್ ಇದ್ದು, ಬೇಸಿಗೆಯಲ್ಲಿ ನಾಲ್ಕು ದಿನ ನೀರು ಬಳಸದಿದ್ದರೆ ಟ್ಯಾಂಕಿನೊಳಗೆ ನೀರು ಕುದಿಯುವ ಮಟ್ಟಕ್ಕೆ ಹತ್ತಿರವಾಗಬಹುದು. ಹಾಗಾಗಿ ಸೋಲಾರ್ ಟ್ಯಾಂಕಿನ ಬಾಯಿಯಿಂದ ಮೊದಲ ತುಂಡು ಮತ್ತು ಮೊದಲ ಎಲ್ಬೋವನ್ನು ಜಿಐನಲ್ಲಿ ಹಾಕಿ, ಆಮೇಲೆ ಎಸ್‌ಡಿಆರ್ 11 ಎಂಬ ದಪ್ಪ ಗೋಡೆಯ ದರ್ಜೆಯ ಸಿಪಿವಿಸಿಗೆ ಬನ್ನಿ.

ತೋಟದ ಲೈನಿನಲ್ಲಿ ಪೈಪಿನ ಮೇಲೆ 4, 6, 8 ಅಥವಾ 10 ಕೆ.ಜಿ. ಎಂಬ ಒತ್ತಡದ ದರ್ಜೆ ಇರುತ್ತದೆ. ಎಲ್ಬೋದ ದರ್ಜೆ ಅದಕ್ಕಿಂತ ಕಡಿಮೆ ಇರಬಾರದು. ಚದರ ಸೆಂಟಿಮೀಟರಿಗೆ 6 ಕೆ.ಜಿ. ಒತ್ತಡವಿದ್ದಾಗ 63 ಮಿ.ಮೀ. ಲೈನಿನ 90ರ ತಿರುವನ್ನು ನೀರು ಹೊರಕ್ಕೆ ತಳ್ಳುವ ಬಲ ಸುಮಾರು 265 ಕೆ.ಜಿ. ಆಗುತ್ತದೆ. ಐದು ಅಕ್ಕಿ ಮೂಟೆಗಳು ಒಟ್ಟಿಗೆ ಒರಗಿದ ಹಾಗೆ. ನೆಲದೊಳಗಿನ ತಿರುವುಗಳ ಹೊರಬದಿಗೆ ಕಾಂಕ್ರೀಟ್ ಆನಿಕೆ ಕೊಡಬೇಕು ಎನ್ನುವುದು ಈ ಕಾರಣಕ್ಕೆ. ಸಡಿಲ ಮಣ್ಣು ಮುಚ್ಚಿದರೆ ಸಾಲದು.

## 6. ಅಂಗಡಿಯಲ್ಲಿ ನೋಡಿ ಕೊಳ್ಳಿ

ಸಾಧ್ಯವಿದ್ದರೆ ಪೈಪಿನ ಅರ್ಧ ಅಡಿ ತುಂಡನ್ನೇ ತನ್ನಿ, ಅದಕ್ಕಿಂತ ಒಳ್ಳೆಯ ಅಳತೆ ಬೇರಿಲ್ಲ. ಇಲ್ಲದಿದ್ದರೆ ಚುಚ್ಚಿದ ಕಾಗದದ ಪಟ್ಟಿ ಮತ್ತು ಪೈಪಿನ ಮೇಲಿನ ಅಕ್ಷರಗಳ ಫೋಟೊ ತನ್ನಿ.

ತುಂಡನ್ನು ಒಣಗಿದ ಎಲ್ಬೋದೊಳಗೆ ಕೈಯಿಂದ ತೂರಿಸಿ. ಅದು ಸಾಕೆಟ್ಟಿನ (ಎಲ್ಬೋದಲ್ಲಿ ಪೈಪು ಕೂರುವ ಕುಳಿಯ) ಆಳದ ಮೂರನೇ ಒಂದು ಭಾಗದಿಂದ ಮೂರನೇ ಎರಡು ಭಾಗದೊಳಗೆ ಎಲ್ಲೋ ಬಿಗಿಯಾಗಿ ನಿಲ್ಲಬೇಕು. ಸಾಕೆಟ್ಟು ಒಳಗೆ ಹೋದಂತೆ ಕಿರಿದಾಗುತ್ತದೆ. ಸೊಲ್ಯೂಷನ್ ಪ್ಲಾಸ್ಟಿಕ್ಕನ್ನು ಮೆದು ಮಾಡಿದ ಮೇಲೆ ಉಳಿದ ಆಳ ಮುಚ್ಚಿಕೊಳ್ಳುತ್ತದೆ. ತುಂಡು ತಾನಾಗಿ ತಳ ಮುಟ್ಟಿ ಗಲಗಲ ಎಂದರೆ ಅಳತೆ ತಪ್ಪಿದೆ. ಬಾಯಿಗೂ ಸೇರದಿದ್ದರೂ ತಪ್ಪಿದೆ. ಪೈಪನ್ನು ಉಜ್ಜಿ ಸಣ್ಣ ಮಾಡಿ ಸೇರಿಸುವ ಯೋಚನೆಯನ್ನು ಅಲ್ಲಿಯೇ ಬಿಡಿ.

ಎಲ್ಬೋವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ. ಕೂದಲೆಳೆಯಂಥ ಗೆರೆ, ಬಾಯಿಯ ಅಂಚಿನಲ್ಲಿ ಅಸಮ ದಪ್ಪ, ವರ್ಷಗಟ್ಟಲೆ ಬಿಸಿಲಿನಲ್ಲಿದ್ದು ಸುಣ್ಣದಂತಾದ ಮೈ ಕಂಡರೆ ಬೇರೆಯದನ್ನು ಕೇಳಿ. ಕೇಳಲು ಸಂಕೋಚ ಬೇಡ.

## 7. ಪೈಪನ್ನು ಎಷ್ಟಕ್ಕೆ ಕತ್ತರಿಸಬೇಕು

ಎಲ್ಬೋ ಸರಿಯಾಗಿದ್ದೂ ಲೈನು ಗೋಡೆಯ ಗುರುತಿಗೆ ಬಾರದಿದ್ದರೆ, ತಪ್ಪಿರುವುದು ಈ ಲೆಕ್ಕ. ಎರಡು ಎಲ್ಬೋಗಳ ನಡುವಿನ ಅಂತರವನ್ನು ಒಂದರ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ ಅಳೆಯುತ್ತೇವೆ. ಪೈಪು ಮಾತ್ರ ಮಧ್ಯದವರೆಗೆ ಹೋಗುವುದಿಲ್ಲ, ಸಾಕೆಟ್ಟಿನ ತಳದಲ್ಲಿ ನಿಲ್ಲುತ್ತದೆ. ಆ ಬಿಟ್ಟ ಭಾಗವನ್ನು ಎರಡೂ ಕಡೆ ಕಳೆಯಬೇಕು.

ಮುಕ್ಕಾಲು ಇಂಚಿನ ಸಿಪಿವಿಸಿ ಎಲ್ಬೋ ಒಂದನ್ನು ಮೇಜಿನ ಮೇಲಿಟ್ಟು ಅಳೆದದ್ದನ್ನು ಹೇಳುತ್ತೇನೆ. ಒಂದು ತೋಳಿನ ಬೆನ್ನಿನಿಂದ ಇನ್ನೊಂದು ತೋಳಿನ ಬಾಯಿಯ ಅಂಚಿಗೆ 46 ಮಿ.ಮೀ. ತೋಳಿನ ಹೊರದಪ್ಪ 28, ಅದರ ಅರ್ಧ 14. 46ರಲ್ಲಿ 14 ಕಳೆದರೆ ಮಧ್ಯದಿಂದ ಬಾಯಿಗೆ 32. ಸಾಕೆಟ್ಟಿನ ಆಳ 18. 32ರಲ್ಲಿ 18 ಕಳೆದರೆ 14. ಕಳೆಯಬೇಕಾದದ್ದು ಈ 14. ಮಧ್ಯದಿಂದ ಮಧ್ಯಕ್ಕೆ 600 ಮಿ.ಮೀ. ಬೇಕಿದ್ದರೆ ಪೈಪನ್ನು 600 – 14 – 14 = 572 ಮಿ.ಮೀ.ಗೆ ಕತ್ತರಿಸಬೇಕು. ಕಂಪನಿಯಿಂದ ಕಂಪನಿಗೆ ಈ ಅಂಕಿಗಳು ಸ್ವಲ್ಪ ಬದಲಾಗುತ್ತವೆ. ನಿಮ್ಮ ಕೈಯಲ್ಲಿರುವುದನ್ನೇ ಅಳೆಯಿರಿ.

ಎರಡು 45ರ ಎಲ್ಬೋ ಹಾಕಿ ಲೈನನ್ನು ಪಕ್ಕಕ್ಕೆ ಸರಿಸುವುದಾದರೆ, ಸರಿಸಬೇಕಾದ ದೂರವನ್ನು 1.414ರಿಂದ ಗುಣಿಸಿ. 200 ಮಿ.ಮೀ. ಸರಿಸಲು ಓರೆಯ ತುಂಡಿನ ಮಧ್ಯದಿಂದ ಮಧ್ಯಕ್ಕೆ 283 ಮಿ.ಮೀ. ಅದರಲ್ಲಿ 45ರ ಎಲ್ಬೋದ ಕಳೆಯುವ ಲೆಕ್ಕವನ್ನು ಎರಡು ಸಲ ತೆಗೆಯಿರಿ.

ಗೋಡೆಯಿಂದ ಹೊರಬಂದ ಹಳೆಯ ಪೈಪಿಗೆ ಎಲ್ಬೋ ಹಾಕುವವರು, ಹೊರಗೆ ಉಳಿದ ತುಂಡು ಸಾಕೆಟ್ಟಿನ ಆಳದಷ್ಟಾದರೂ ಇದೆಯೇ ನೋಡಿ. ಇಲ್ಲದಿದ್ದರೆ ಗಾರೆಯನ್ನು ಸ್ವಲ್ಪ ಕೆತ್ತಿ ಜಾಗ ಮಾಡಿ. ಅರ್ಧ ಆಳಕ್ಕೆ ಕೂರಿಸಿದ ಎಲ್ಬೋ ನಿಲ್ಲುವುದಿಲ್ಲ.

## 8. ಒಣ ಜೋಡಣೆ, ಗುರುತು, ಆಮೇಲೆ ಸೊಲ್ಯೂಷನ್

ನೇರವಾಗಿ ಕತ್ತರಿಸಿ, ಅಂಚಿನ ಸಿಬಿರನ್ನು ಉಪ್ಪುಕಾಗದದಿಂದ ತೆಗೆಯಿರಿ. ಇಡೀ ಲೈನನ್ನು ಒಣಗಿದ್ದಂತೆಯೇ ಹೊಂದಿಸಿ, ಪ್ರತಿ ಎಲ್ಬೋ ಯಾವ ದಿಕ್ಕಿಗೆ ನೋಡಬೇಕೋ ಅಲ್ಲಿ ಪೈಪು ಮತ್ತು ಎಲ್ಬೋ ಎರಡಕ್ಕೂ ಸೇರುವಂತೆ ಒಂದು ಗೆರೆ ಎಳೆಯಿರಿ. ಸಾಕೆಟ್ಟಿನ ಆಳವನ್ನೂ ಪೈಪಿನ ಮೇಲೆ ಗುರುತಿಸಿ. ಸೊಲ್ಯೂಷನ್ ಹಚ್ಚಿದ ಮೇಲೆ ಯೋಚಿಸಲು ಸಮಯ ಸಿಗುವುದಿಲ್ಲ.

ಸಿಪಿವಿಸಿಗೆ ಸಿಪಿವಿಸಿಯ ಸೊಲ್ಯೂಷನ್, ಯುಪಿವಿಸಿಗೆ ಅದರದು. ಮನೆಯಲ್ಲಿ ಉಳಿದ ಹಳೆಯ ಡಬ್ಬಿ ಗಟ್ಟಿಯಾಗಿ ಲೋಳೆಯಂತಾಗಿದ್ದರೆ ಎಸೆಯಿರಿ. ಪೈಪಿನ ಹೊರಮೈಗೆ ಧಾರಾಳವಾಗಿ, ಸಾಕೆಟ್ಟಿನ ಒಳಗೆ ತೆಳ್ಳಗೆ ಹಚ್ಚಿ. ಒಳಗೆ ಹೆಚ್ಚಾದದ್ದು ತಿರುವಿನಲ್ಲಿ ಶೇಖರವಾಗಿ ನೀರಿನ ದಾರಿ ಕಟ್ಟುತ್ತದೆ. ಗೆರೆಯಿಂದ ಕಾಲು ಸುತ್ತು ಆಚೆಗೆ ಇಟ್ಟು ತೂರಿಸಿ, ತಿರುಗಿಸುತ್ತಾ ಗೆರೆಗೆ ತಂದು, ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಬೇಗ ಬಿಟ್ಟರೆ ಪೈಪು ನಿಧಾನವಾಗಿ ಹಿಂದಕ್ಕೆ ಜಾರುತ್ತದೆ. ಆಳದ ಗುರುತು ಹೊರಗೆ ಕಂಡರೆ ಅದು ಜಾರಿದೆ ಎಂದೇ ಅರ್ಥ.

ಸಾಕೆಟ್ಟಿನ ಬಾಯಿಯ ಸುತ್ತ ಸೊಲ್ಯೂಷನ್ನಿನ ಸಣ್ಣ ಏಣು ಎಡೆಬಿಡದೆ ಕಾಣಬೇಕು. ಒಂದು ಕಡೆ ಕಡಿದಿದ್ದರೆ ಅಲ್ಲಿ ಸೋರುತ್ತದೆ. ಆ ಜೋಡಣೆಯನ್ನು ಮೇಲಿನಿಂದ ತೇಪೆ ಹಾಕಿ ಉಳಿಸಲು ಆಗದು. ಕತ್ತರಿಸಿ ಹೊಸ ಎಲ್ಬೋ ಹಾಕಿ.

## 9. ನೀರು ಬಿಡುವುದು

ಒತ್ತಡ ಕೊಡುವ ಮೊದಲು 24 ಗಂಟೆ ಬಿಡಿ. ಸಂಜೆ ಜೋಡಿಸಿ ಬೆಳಗ್ಗೆ ಮೋಟಾರು ಹಾಕುವ ಆತುರವೇ ನನ್ನ ಬುಟ್ಟಿಗೆ ಒಡೆದ ಎಲ್ಬೋಗಳನ್ನೂ ತಂದು ಸೇರಿಸುತ್ತದೆ. ಲೈನಿನ ಕೊನೆಯ ವಾಲ್ವನ್ನು ತೆರೆದಿಟ್ಟು ನಿಧಾನವಾಗಿ ನೀರು ಬಿಡಿ. ಗಾಳಿ ಪೂರ್ತಿ ಹೋಗಿ ನೀರು ಒಂದೇ ಸಮನೆ ಬಂದ ಮೇಲೆ ವಾಲ್ವನ್ನು ಮೆಲ್ಲಗೆ ಮುಚ್ಚಿ.

ಪ್ರತಿ ಎಲ್ಬೋದ ಕೆಳಗೆ ಒಣಗಿದ ಹಳೆಯ ಪತ್ರಿಕೆಯ ಹಾಳೆ ಹಾಸಿ ಒಂದು ಗಂಟೆ ಬಿಡಿ. ಕಣ್ಣಿಗೆ ಕಾಣದ ತೇವವೂ ಕಾಗದದ ಮೇಲೆ ಕಲೆಯಾಗಿ ಮೂಡುತ್ತದೆ. ಎಲ್ಲ ಹಾಳೆಗಳೂ ಒಣಗಿಯೇ ಇದ್ದರೆ ಮಾತ್ರ ಗೋಡೆಗೆ ಗಾರೆ ಮೆತ್ತಿ, ಕಾಲುವೆಗೆ ಮಣ್ಣು ಎಳೆಯಿರಿ.